ಆಸನದ ಲೆಕ್ಕ ಬಾಗಿಲಲ್ಲಿದೆ

ನನ್ನ ಓದುವ ಮೇಜಿನ ಮೇಲೆ ಏರ್‌ಬಸ್ ಎ380 ವಿಮಾನದ ಮಾದರಿಯೊಂದಿದೆ. 1:200 ಅಳತೆಯದು. ನಿಜವಾದ ವಿಮಾನದ ಉದ್ದ 72.7 ಮೀಟರ್, ನನ್ನದು ಮೂವತ್ತಾರು ಸೆಂಟಿಮೀಟರ್ ಚಿಲ್ಲರೆ. ಮನೆಗೆ ಬಂದವರು, ಅದರಲ್ಲೂ ಮಕ್ಕಳು, ಅದನ್ನು ಕಂಡೊಡನೆ ಕೇಳುವ ಪ್ರಶ್ನೆ ಒಂದೇ: "ಇದರಲ್ಲಿ ಎಷ್ಟು ಜನ ಕೂರಬಹುದು?"

ಉತ್ತರ ಸುಲಭ ಅಂದುಕೊಂಡಿದ್ದೆ. ಹುಡುಕಿದಾಗ ಒಂದಲ್ಲ, ನಾಲ್ಕೈದು ಅಂಕಿಗಳು ಸಿಕ್ಕವು. ವಿಮಾನಕ್ಕೆ ಪರವಾನಗಿ ಕೊಡುವಾಗ ಪರೀಕ್ಷೆಯಲ್ಲಿ ಗೆದ್ದ ಅಂಕಿ 853. ತಯಾರಕರು ಮೊದಲು ಹೇಳುತ್ತಿದ್ದುದು 555, ಆಮೇಲೆ 525. ಎಮಿರೇಟ್ಸ್ ತನ್ನ ಕೆಲವು ಎ380ಗಳಲ್ಲಿ 615 ಸೀಟು ಹಾಕಿತು. ಸಿಂಗಪುರ ಏರ್‌ಲೈನ್ಸ್ 471ಕ್ಕೇ ನಿಲ್ಲಿಸಿತು. ರೆಕ್ಕೆ ಅದೇ, ಮೈ ಅದೇ. ಹಾಗಾದರೆ ನಿಜವಾದ ಸಂಖ್ಯೆ ಯಾವುದು? ಅದನ್ನು ಯಾರು, ಹೇಗೆ ಕಂಡುಹಿಡಿದರು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ಸೀಟಿನ ಕತೆಯಲ್ಲ, ಬಾಗಿಲಿನ ಕತೆ.

ಕಿಟಕಿ, ನೆಲ ಮತ್ತು ನನ್ನ ತಪ್ಪು ಲೆಕ್ಕ

ಮೊದಲು ಕಿಟಕಿ ಎಣಿಸಿದೆ. ಕಿಟಕಿಗೊಂದು ಸಾಲು ಸೀಟು ಎನ್ನುವುದು ಬಸ್ಸಿನಲ್ಲಿ ಓಡಾಡಿ ಬೆಳೆದವರ ಲೆಕ್ಕ. ವಿಮಾನದಲ್ಲಿ ಅದು ನಡೆಯುವುದಿಲ್ಲ. ವಿಮಾನದ ಒಡಲು ಲೋಹದ ಬಳೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಮೇಲೆ ತಗಡು ಹೊದಿಸಿದ ಹಾಗಿರುತ್ತದೆ. ಎರಡು ಬಳೆಗಳ ನಡುವಿನ ಸಂದಿಯಲ್ಲಿ ಕಿಟಕಿ ಬರಬೇಕು. ಎ320 ವಿಮಾನದಲ್ಲಿ ಬಳೆಯಿಂದ ಬಳೆಗೆ 21 ಅಂಗುಲ. ಸೀಟಿನ ಸಾಲಿನಿಂದ ಸಾಲಿಗೆ ಸಾಮಾನ್ಯವಾಗಿ 28ರಿಂದ 32 ಅಂಗುಲ. ಎರಡಕ್ಕೂ ತಾಳೆಯೇ ಇಲ್ಲ. ಕಿಟಕಿ ಸೀಟೆಂದು ಆಸೆಯಿಂದ ಕೂತು ಪಕ್ಕದಲ್ಲಿ ಬರೀ ಗೋಡೆ ಕಂಡವರಿಗೆ ಇದರ ಕಾರಣ ಈಗ ತಿಳಿಯಬಹುದು.

ಆಮೇಲೆ ನೆಲ ಅಳೆದೆ. ಇದು ಸ್ವಲ್ಪ ಜಾಣ ದಾರಿ. ಒಂದು ಸೀಟಿನ ಯಾವುದಾದರೂ ಒಂದು ಬಿಂದುವಿನಿಂದ ಹಿಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರಕ್ಕೆ 'ಸೀಟ್ ಪಿಚ್' ಎನ್ನುತ್ತಾರೆ. ನೆಲದಲ್ಲಿ ಉದ್ದಕ್ಕೂ ಹಳಿಗಳಿರುತ್ತವೆ. ಅವುಗಳಲ್ಲಿ ಅಂಗುಲಕ್ಕೊಂದರಂತೆ ಕಚ್ಚುಗಳು. ಸೀಟಿನ ಕಾಲನ್ನು ಆ ಕಚ್ಚಿಗೆ ಸಿಕ್ಕಿಸಿ ಬಿಗಿಯುತ್ತಾರೆ. ಹಾಗಾಗಿ ಏರ್‌ಲೈನ್ ಮನಸ್ಸು ಮಾಡಿದರೆ ಸಾಲುಗಳನ್ನು ಅಂಗುಲ ಅಂಗುಲವಾಗಿ ಹತ್ತಿರ ತರಬಹುದು, ದೂರ ಸರಿಸಬಹುದು. ಎ320ರ ಕ್ಯಾಬಿನ್ ಉದ್ದ ಸುಮಾರು 27.5 ಮೀಟರ್. 29 ಅಂಗುಲದ ಪಿಚ್‌ನಲ್ಲಿ 30 ಸಾಲು ಹಾಕಿದರೆ 870 ಅಂಗುಲ, ಎಂದರೆ 22.1 ಮೀಟರ್ ಹೋಯಿತು. ಉಳಿದ ಐದೂವರೆ ಮೀಟರಿನಲ್ಲಿ ಬಾಗಿಲ ಮುಂದಿನ ಜಾಗ, ಅಡುಗೆ ಕಟ್ಟೆ, ಶೌಚಾಲಯ ಎಲ್ಲವೂ ಸೇರಬೇಕು. ಸಾಲಿಗೆ ಆರರಂತೆ 180 ಸೀಟು. ಅಗ್ಗದ ಟಿಕೆಟ್ಟಿನ ಎ320ಗಳಲ್ಲಿ ನಾವು ಬಹುಕಾಲ ಕಂಡ ಅಂಕಿ ಅದೇ 180. ಲೆಕ್ಕ ಸಿಕ್ಕಿತು ಎಂದು ಬೀಗಿದೆ.

ಆದರೆ ನೆಲವೇ ಮಿತಿಯಾಗಿದ್ದರೆ 1991ರ ಮೇ ತಿಂಗಳಲ್ಲಿ ಆದದ್ದನ್ನು ಏನೆನ್ನಬೇಕು? ಇಥಿಯೋಪಿಯಾದ ಯಹೂದಿಗಳನ್ನು ಅಡಿಸ್ ಅಬಾಬಾದಿಂದ ಇಸ್ರೇಲಿಗೆ ಕರೆತಂದ 'ಆಪರೇಷನ್ ಸಾಲೊಮನ್'ನಲ್ಲಿ ಎಲ್ ಆಲ್ ಸಂಸ್ಥೆಯ ಒಂದೇ ಒಂದು ಬೋಯಿಂಗ್ 747 ಹೊತ್ತು ತಂದದ್ದು 1,088 ಜನರನ್ನು. ದಾರಿಯಲ್ಲಿ ಹುಟ್ಟಿದ ಎರಡು ಕೂಸುಗಳೂ ಆ ಲೆಕ್ಕದಲ್ಲಿವೆ. ಗಿನ್ನೆಸ್ ದಾಖಲೆಯಲ್ಲಿರುವ ಸಂಖ್ಯೆ ಇದು. ಜೀವ ಉಳಿಸಿಕೊಳ್ಳಲು ಹೊರಟವರಿಗೆ 747ರ ನೆಲ ಸಾವಿರ ಜನರಿಗೂ ಸಾಕಾಗುತ್ತದೆ, ರೆಕ್ಕೆಯೂ ಎತ್ತುತ್ತದೆ. ಹಾಗಿದ್ದೂ ಅದೇ ಜಾತಿಯ 747-400 ವಿಮಾನಕ್ಕೆ ಕಾನೂನು ಹಾಕಿದ ಗರಿಷ್ಠ ಮಿತಿ 660. ಉಳಿದ ನಾನೂರು ಚಿಲ್ಲರೆ ಜನರನ್ನು ತಡೆದದ್ದು ನೆಲವಲ್ಲ, ಬೇರೆ ಯಾವುದೋ.

ಪೆಟ್ಟಾಗದೆ ಸತ್ತವರು

ಆ 'ಬೇರೆ ಯಾವುದೋ' ಮೊದಲು ಸ್ಪಷ್ಟವಾಗಿ ಕಂಡದ್ದು ಅಮೆರಿಕದ ಡೆನ್ವರ್‌ನಲ್ಲಿ. 1961ರ ಜುಲೈ 11ರಂದು ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ ಇಳಿಯುವಾಗ ರನ್‌ವೇಯಿಂದ ಆಚೆ ಜಾರಿ ಹೊತ್ತಿಕೊಂಡಿತು. ಒಳಗಿದ್ದವರು 122. ವಿಮಾನ ನಿಂತಾಗ ಅವರೆಲ್ಲ ಬದುಕಿದ್ದರು. ಆದರೂ 17 ಪ್ರಯಾಣಿಕರು ತೀರಿಕೊಂಡರು. ಅವರಲ್ಲಿ 16 ಜನರ ಪ್ರಾಣ ತೆಗೆದದ್ದು ಬೆಂಕಿಯ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್. 1965ರ ನವೆಂಬರ್ 11ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಬೋಯಿಂಗ್ 727 ನೆಲಕ್ಕೆ ಬಲವಾಗಿ ಬಡಿದು ಇಂಧನದ ಕೊಳವೆ ಹರಿದು ಉರಿಯಿತು. ಒಳಗಿದ್ದ 91 ಜನರಲ್ಲಿ 43 ಮಂದಿ ಸತ್ತರು. ಇಲ್ಲಿಯೂ ಕೊಂದದ್ದು ನೆಲಕ್ಕೆ ಬಡಿದ ಪೆಟ್ಟಲ್ಲ, ಬೆಂಕಿ ಮತ್ತು ಹೊಗೆ.

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಗೆ ಒಕ್ಲಹೋಮ ಸಿಟಿಯಲ್ಲಿ ವೈಮಾನಿಕ ವೈದ್ಯಕೀಯದ ಸಂಶೋಧನಾ ಸಂಸ್ಥೆಯಿದೆ. ಅಲ್ಲಿ ಕ್ಲೈಡ್ ಸ್ನೋ ಎಂಬ ಮಾನವಶಾಸ್ತ್ರಜ್ಞರಿದ್ದರು. ಮುಂದೆ ಅರ್ಜೆಂಟೀನಾದಲ್ಲಿ ಸೇನಾ ಆಡಳಿತ ಕಣ್ಮರೆ ಮಾಡಿದವರ ಮೂಳೆಗಳನ್ನು ಗುರುತಿಸಿ ಜಗತ್ತಿಗೆ ಪರಿಚಿತರಾದವರು ಇವರೇ. ಆ ಹೆಸರು ಬರುವ ಮೊದಲು ಅವರು ಸಹೋದ್ಯೋಗಿಗಳ ಜೊತೆ ಸೇರಿ ಡೆನ್ವರ್, ಸಾಲ್ಟ್ ಲೇಕ್ ಸಿಟಿ ಅಪಘಾತಗಳನ್ನೂ ರೋಮ್‌ನಲ್ಲಾದ ಇನ್ನೊಂದು ಅಪಘಾತವನ್ನೂ ಸೀಟು ಸೀಟಾಗಿ ಬಿಡಿಸಿ ನೋಡಿದರು. ಯಾರು ಎಲ್ಲಿ ಕೂತಿದ್ದರು, ಯಾವ ಬಾಗಿಲಿಗೆ ಹೋದರು, ಯಾರು ಹೊರಬಂದರು, ಯಾರು ದಾರಿಯಲ್ಲೇ ಬಿದ್ದರು. 1970ರಲ್ಲಿ ವರದಿ ಪ್ರಕಟವಾಯಿತು. ಬಾಗಿಲು ಎಷ್ಟು ದೂರ, ವಯಸ್ಸೆಷ್ಟು, ಗಂಡೋ ಹೆಣ್ಣೋ ಎಂಬುದರ ಮೇಲೆ ಬದುಕುಳಿಯುವ ಸಾಧ್ಯತೆ ಬದಲಾಗುತ್ತದೆ ಎಂದು ಆ ವರದಿ ತೋರಿಸಿತು. ವಿಮಾನದಲ್ಲಿ ಕೂರುವವರನ್ನು ಸಂಖ್ಯೆಯಾಗಿ ಅಲ್ಲ, ನಡೆಯಬೇಕಾದ ದೇಹಗಳಾಗಿ ನೋಡಿದ ಮೊದಲ ಕೆಲಸಗಳಲ್ಲಿ ಅದೂ ಒಂದು.

ಅಷ್ಟರಲ್ಲೇ ನಿಯಮ ಬದಲಾಗತೊಡಗಿತ್ತು. 44ಕ್ಕಿಂತ ಹೆಚ್ಚು ಸೀಟಿನ ವಿಮಾನ ನಡೆಸುವ ಏರ್‌ಲೈನ್‌ಗಳು ಎಲ್ಲರನ್ನೂ ಎರಡು ನಿಮಿಷದೊಳಗೆ ಹೊರಗಿಳಿಸಿ ತೋರಿಸಬೇಕು ಎಂದು 1965ರಲ್ಲಿ ಎಫ್‌ಎಎ ವಿಧಿಸಿತು. ಗಾಳಿ ತುಂಬಿ ತೆರೆದುಕೊಳ್ಳುವ ಜಾರುಬಂಡೆಗಳು ಸುಧಾರಿಸಿದ್ದರಿಂದ 1967ರಲ್ಲಿ ಆ ಅವಧಿಯನ್ನು 90 ಸೆಕೆಂಡಿಗೆ ಇಳಿಸಿ, ಹೊಣೆಯನ್ನು ವಿಮಾನ ತಯಾರಕರ ಮೇಲೂ ಹೊರಿಸಿತು. ಇಂದಿಗೂ ಜಗತ್ತಿನ ದೊಡ್ಡ ವಿಮಾನಗಳೆಲ್ಲ ಪಾಲಿಸುವುದು ಈ ತೊಂಬತ್ತು ಸೆಕೆಂಡಿನ ನಿಯಮವನ್ನೇ.

ಒಂದು ಬಾಗಿಲಿಗೆ ನೂರ ಹತ್ತು

ನಿಯಮದ ಜೊತೆಗೆ ಬಾಗಿಲಿಗೆ ಬೆಲೆ ಕಟ್ಟುವ ಕ್ರಮವೂ ಬಂತು. ಸೀಟಿನ ಲೆಕ್ಕದ ಕೀಲಿಕೈ ಇರುವುದು ಇಲ್ಲಿ. ವಿಮಾನದ ಎಡ ಬಲ ಎದುರುಬದುರು ಇರುವ ಬಾಗಿಲುಗಳನ್ನು ಒಂದು ಜೋಡಿ ಎನ್ನುತ್ತಾರೆ. ಜೋಡಿಯ ಅಳತೆ ನೋಡಿ, ಅದು ಎಷ್ಟು ಸೀಟುಗಳಿಗೆ ಸಾಕು ಎಂದು ನಿಗದಿ ಮಾಡುತ್ತಾರೆ. ಈಗಿನ ನಿಯಮದಂತೆ 42 ಅಂಗುಲ ಅಗಲ, 72 ಅಂಗುಲ ಎತ್ತರದ 'ಎ' ವರ್ಗದ ಜೋಡಿಗೆ 110 ಸೀಟು. 32 ಅಂಗುಲ ಅಗಲದ 'ಬಿ' ವರ್ಗಕ್ಕೆ 75. 30 ಅಂಗುಲದ 'ಸಿ' ವರ್ಗಕ್ಕೆ 55. 24 ಅಂಗುಲ ಅಗಲದ ಒಂದನೇ ವರ್ಗಕ್ಕೆ 45. ರೆಕ್ಕೆಯ ಮೇಲೆ ತೆರೆಯುವ, 20 ಅಂಗುಲ ಅಗಲ, 36 ಅಂಗುಲ ಎತ್ತರದ ಮೂರನೇ ವರ್ಗದ ಕಿಂಡಿಗೆ 35.

ಜೋಡಿಗೆ ಏಕೆ ಬೆಲೆ, ಒಂದೊಂದು ಬಾಗಿಲಿಗೇ ಏಕಿಲ್ಲ? ಬೆಂಕಿ ಒಂದು ಪಕ್ಕದಲ್ಲಿದ್ದರೆ ಆ ಪಕ್ಕದ ಬಾಗಿಲು ತೆಗೆಯುವಂತಿಲ್ಲ. ಅರ್ಧ ಬಾಗಿಲು ಸತ್ತಂತೆಯೇ ಎಂದು ಎಣಿಸಿ ಹಾಕಿದ ಲೆಕ್ಕವಿದು. 110 ಎನ್ನುವುದು ಎಷ್ಟು ಬಿಗಿಯಾದ ಅಂಕಿ ನೋಡಿ. ಬಾಗಿಲು ತೆರೆದು, ಜಾರುಬಂಡೆ ಉಬ್ಬಿ, ಮೊದಲನೆಯವರು ಹೆಜ್ಜೆ ಇಡುವಷ್ಟರಲ್ಲಿ 15 ಸೆಕೆಂಡು ಹೋಯಿತು ಎಂದಿಟ್ಟುಕೊಳ್ಳೋಣ. ಉಳಿದ 75 ಸೆಕೆಂಡಿನಲ್ಲಿ 110 ಜನ. 'ಎ' ವರ್ಗದ ಬಾಗಿಲಿನಲ್ಲಿ ಇಬ್ಬರು ಪಕ್ಕಪಕ್ಕದಲ್ಲಿ ಜಾರಬಹುದಾದ್ದರಿಂದ ಒಬ್ಬೊಬ್ಬರಿಗೂ ಸಿಗುವುದು ಸುಮಾರು 1.4 ಸೆಕೆಂಡು. ನಿಂತು ಕೆಳಗೆ ನೋಡಿ ಹೆದರಲು ಅದರಲ್ಲಿ ಜಾಗವಿಲ್ಲ.

ಈ ಪಟ್ಟಿ ಕೈಯಲ್ಲಿ ಹಿಡಿದು ಮಾದರಿಗಳನ್ನು ನೋಡಿದ ದಿನ ನನಗೆ ಕಣ್ಣು ತೆರೆದಂತಾಯಿತು. ಬೋಯಿಂಗ್ 777-200 ವಿಮಾನಕ್ಕೆ ನಾಲ್ಕು ಜೋಡಿ ದೊಡ್ಡ ಬಾಗಿಲು, ಮಿತಿ 440. ಉದ್ದದ 777-300ಕ್ಕೆ ಐದು ಜೋಡಿ, ಮಿತಿ 550. 747-400ರ ಕೆಳ ಅಂತಸ್ತಿಗೆ ಐದು ಜೋಡಿಯಿಂದ 550, ಮೇಲಂತಸ್ತಿನ ಒಂದು ಜೋಡಿಯಿಂದ 110, ಕೂಡಿದರೆ 660. ಎಲ್ಲಕ್ಕಿಂತ ಚೆಂದದ ಸಾಕ್ಷಿ ಏರ್‌ಬಸ್ ಎ330. ಅದಕ್ಕೂ ನಾಲ್ಕು ಜೋಡಿ ಬಾಗಿಲು. ಆದರೆ ಮೂರನೆಯ ಜೋಡಿ ಚಿಕ್ಕದಿದ್ದರೆ 110ರಂತೆ ಮೂರು, ಅದಕ್ಕೆ 45 ಸೇರಿಸಿ 375. ಅದೇ ಜಾಗದಲ್ಲಿ ದೊಡ್ಡ ಬಾಗಿಲಿಟ್ಟರೆ 440. ವಿಮಾನದ ಉದ್ದ ಒಂದಂಗುಲವೂ ಬದಲಾಗದೆ, ಬರೀ ಬಾಗಿಲು ಬದಲಾಗಿ ಅರವತ್ತೈದು ಜನರಿಗೆ ಹೆಚ್ಚು ಜಾಗ!

ಬಾಗಿಲಿನ ಈ ಅಧಿಕಾರ ವಿಮಾನದ ಆಕಾರವನ್ನೂ ಬದಲಿಸಿದೆ. 1960ರ ದಶಕದ ನಡುವೆ ಪ್ಯಾನ್ ಆಮ್ ಏರ್‌ಲೈನ್‌ನ ಮುಖ್ಯಸ್ಥ ಹುವಾನ್ ಟ್ರಿಪ್, ಬೋಯಿಂಗ್ 707ಕ್ಕಿಂತ ಎರಡೂವರೆ ಪಟ್ಟು ಜನರನ್ನು ಒಯ್ಯುವ ವಿಮಾನ ಬೇಕೆಂದಾಗ ಎಲ್ಲರ ತಲೆಯಲ್ಲಿದ್ದುದು ಎರಡು ಅಂತಸ್ತಿನ ಹಡಗಿನಂಥ ಚಿತ್ರ. ಬೋಯಿಂಗ್‌ನ ಮುಖ್ಯ ಎಂಜಿನಿಯರ್ ಜೋ ಸಟರ್ ಮತ್ತು ಅವರ ತಂಡಕ್ಕೆ ಅದು ಸರಿಬರಲಿಲ್ಲ. ಅಷ್ಟು ಎತ್ತರದ ಮೇಲಂತಸ್ತಿನಿಂದ ಅಷ್ಟೊಂದು ಜನರನ್ನು ಬೇಗ ಇಳಿಸುವುದು ಹೇಗೆ ಎಂಬುದು ಅವರನ್ನು ಕಾಡಿದ ಪ್ರಶ್ನೆಗಳಲ್ಲೊಂದು. ಮೇಲಕ್ಕೆ ಕಟ್ಟುವ ಬದಲು ಅವರು ಅಗಲಕ್ಕೆ ಕಟ್ಟಿದರು. ಎಂಟಡಿ ಅಗಲದ ಎರಡು ಸರಕು ಪೆಟ್ಟಿಗೆಗಳು ಪಕ್ಕಪಕ್ಕ ಹಿಡಿಯುವಷ್ಟು ಅಗಲ, ನಡುವೆ ಎರಡು ಓಣಿ. ಪ್ಯಾನ್ ಆಮ್ 1966ರ ಏಪ್ರಿಲ್‌ನಲ್ಲಿ ಅಂಥ 25 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. 1969ರ ಫೆಬ್ರವರಿ 9ರಂದು 747 ಮೊದಲು ಹಾರಿತು. 'ಅಗಲ ಒಡಲಿನ ವಿಮಾನ' ಎಂಬ ಜಾತಿಯೇ ಅಲ್ಲಿಂದ ಶುರು.

ಕೆಲವೊಮ್ಮೆ ಬರೀ ಲೆಕ್ಕ ಮೋಸ ಮಾಡಿದ್ದೂ ಇದೆ. 1980ರ ದಶಕದ ನಡುವೆ ಕೆಲವು ಏರ್‌ಲೈನ್‌ಗಳು ತಮ್ಮ 747ಗಳಲ್ಲಿ ರೆಕ್ಕೆಯ ಮೇಲಿನ ಮೂರನೆಯ ಜೋಡಿ ಬಾಗಿಲನ್ನು ಮುಚ್ಚಿಬಿಟ್ಟವು. ನಮ್ಮಲ್ಲಿರುವುದು 440ಕ್ಕಿಂತ ಕಡಿಮೆ ಸೀಟು, ನಾಲ್ಕು ಜೋಡಿ ಸಾಕಲ್ಲ ಎಂಬುದು ಅವರ ವಾದ. ಕೂಡಿಸಿದರೆ ಸರಿಯೇ. ಆದರೆ ನಡುಭಾಗದಲ್ಲಿ ಕೂತವರಿಗೆ ಬಾಗಿಲು ಎಷ್ಟು ದೂರವಾಯಿತು? ಚರ್ಚೆ, ವಿಚಾರಣೆಗಳ ನಂತರ ಒಂದು ಬಾಗಿಲಿನಿಂದ ಮುಂದಿನ ಬಾಗಿಲಿಗೆ 60 ಅಡಿ ಮೀರಬಾರದು ಎಂದು 1989ರಲ್ಲಿ ಹೊಸ ನಿಯಮ ಬಂತು. ಬಾಗಿಲು ಎಷ್ಟಿವೆ ಎಂಬುದರಷ್ಟೇ ಎಲ್ಲಿವೆ ಎಂಬುದೂ ಮುಖ್ಯ ಎಂದು ಹಾಗೆ ಸ್ಥಿರವಾಯಿತು.

ಐದು ಪೌಂಡಿನ ಪ್ರಯೋಗ

1985ರ ಆಗಸ್ಟ್ 22ರ ಬೆಳಿಗ್ಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬ್ರಿಟಿಷ್ ಏರ್‌ಟೂರ್ಸ್‌ನ ಬೋಯಿಂಗ್ 737 ಮೇಲೇರಲು ಓಡುತ್ತಿರುವಾಗಲೇ ಎಂಜಿನ್ ಒಡೆದು ಇಂಧನ ಟ್ಯಾಂಕಿಗೆ ತೂತಾಯಿತು. ಪೈಲಟ್ ವಿಮಾನವನ್ನು ನೆಲದ ಮೇಲೇ ನಿಲ್ಲಿಸಿದರು. ಒಳಗೆ 137 ಜನ. ಸೀಟುಗಳ ಸಂಖ್ಯೆ ನಿಯಮದ ಮಿತಿಯೊಳಗೇ ಇತ್ತು. ಆದರೂ 55 ಜನ ಸತ್ತರು, ಹೆಚ್ಚಿನವರು ಹೊಗೆಯಿಂದ. ಮುಂದಿನ ಒಂದು ಬಾಗಿಲು ತೆರೆಯುವಾಗ ಸಿಕ್ಕಿಕೊಂಡಿತು. ರೆಕ್ಕೆಯ ಮೇಲಿನ ಕಿಂಡಿಯ ಭಾರವಾದ ಮುಚ್ಚಳ ಅದನ್ನು ತೆಗೆದ ಪ್ರಯಾಣಿಕಳ ಮೇಲೆಯೇ ಬಿತ್ತು. ಮುಂದಿನ ಅಡುಗೆ ಕಟ್ಟೆಗಳ ನಡುವಿನ ಸಂದಿ 22.5 ಅಂಗುಲ. ಅಲ್ಲಿ ಜನ ಒಬ್ಬರಿಗೊಬ್ಬರು ಸಿಕ್ಕಿಕೊಂಡು ನಿಂತುಬಿಟ್ಟರು.

ಪರೀಕ್ಷೆಯಲ್ಲಿ ಸರಾಗವಾಗಿ ಇಳಿಯುವ ಜನ ನಿಜವಾದ ಬೆಂಕಿಯಲ್ಲಿ ಏಕೆ ಸಿಕ್ಕಿಕೊಳ್ಳುತ್ತಾರೆ? ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಹೆಲೆನ್ ಮ್ಯೂರ್ ಇದಕ್ಕೆ ಉತ್ತರ ಹುಡುಕಿದ ಬಗೆ ಅಪೂರ್ವವಾದುದು. ಪರೀಕ್ಷೆಯಲ್ಲಿ ಎಲ್ಲರೂ ಸಹಕರಿಸುತ್ತಾರೆ, ಬೆಂಕಿಯಲ್ಲಿ ಎಲ್ಲರೂ ಮುನ್ನುಗ್ಗುತ್ತಾರೆ, ವ್ಯತ್ಯಾಸ ಇಷ್ಟೇ ಎಂದು ಅವರು ಗುರುತಿಸಿದರು. ಬೆಂಕಿ ಹಚ್ಚುವಂತಿಲ್ಲ. ಅದರ ಬದಲು ಹಣ ಇಟ್ಟರು. ನಿಲ್ಲಿಸಿದ್ದ ಟ್ರೈಡೆಂಟ್ ವಿಮಾನವೊಂದಕ್ಕೆ ಸ್ವಯಂಸೇವಕರನ್ನು ತುಂಬಿ, ಮೊದಲು ಹೊರಬರುವ ಅರ್ಧದಷ್ಟು ಜನರಿಗೆ ತಲಾ ಐದು ಪೌಂಡ್ ಹೆಚ್ಚು ಕೊಡುವುದಾಗಿ ಹೇಳಿದರು. ಅಷ್ಟಕ್ಕೇ ಜನ ಸೀಟುಗಳ ಬೆನ್ನು ಹತ್ತಿ ಹಾರಿದರು, ಸಂದಿಗಳಲ್ಲಿ ಒತ್ತೊತ್ತಿ ಸಿಕ್ಕಿಬಿದ್ದರು. ಮ್ಯಾಂಚೆಸ್ಟರ್‌ನಲ್ಲಿ ಬದುಕುಳಿದವರು ಹೇಳಿದ್ದು ಕಣ್ಣೆದುರು ಬಂತು. ಸಂದಿಯನ್ನು 30 ಅಂಗುಲಕ್ಕೆ ಹಿಗ್ಗಿಸಿದಾಗ ಜನರ ಹರಿವು ಸುಗಮವಾಯಿತು. ರೆಕ್ಕೆಯ ಮೇಲಿನ ಕಿಂಡಿಯ ಬಳಿ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕೆಂಬುದೂ ಸ್ಪಷ್ಟವಾಯಿತು. ಇಂದು 'ಎಕ್ಸಿಟ್ ರೋ'ನಲ್ಲಿ ಕಾಲು ಚಾಚಲು ಸಿಗುವ ಜಾಗ ನಮ್ಮ ಸುಖಕ್ಕೆಂದು ಬಿಟ್ಟದ್ದಲ್ಲ. ಅದು ಮ್ಯಾಂಚೆಸ್ಟರ್‌ನ ಸಾವುಗಳಿಂದ ಮತ್ತು ಮ್ಯೂರ್ ಅವರ ಪ್ರಯೋಗದಿಂದ ಬಂದ ಜಾಗ.

ಸಾಲುಗಳ ನಡುವಿನ ಕನಿಷ್ಠ ಜಾಗಕ್ಕೂ ಬ್ರಿಟನ್ 1989ರಲ್ಲಿ ಅಳತೆ ಹಾಕಿತು. ಬೆನ್ನಿನ ದಿಂಬಿನಿಂದ ಮುಂದಿನ ಸೀಟಿನ ಹಿಂಬದಿಗೆ ಕನಿಷ್ಠ 26 ಅಂಗುಲ, ಸೀಟಿನ ಅಂಚಿನಿಂದ ಎದುರಿನ ಅಡ್ಡಕ್ಕೆ 7 ಅಂಗುಲ, ಎದ್ದು ಹೊರಬರುವ ದಾರಿಗೆ 3 ಅಂಗುಲ. ಸೀಟಿನ ಬೆನ್ನಿನ ದಪ್ಪವನ್ನೂ ಸೇರಿಸಿದರೆ ಇದು 28 ಅಂಗುಲ ಪಿಚ್‌ನ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಪರೀಕ್ಷೆಗೆ ತೆತ್ತ ಬೆಲೆ

ಜನರನ್ನು ಕತ್ತಲೆಯಲ್ಲಿ ಜಾರಿಸಿ ಎಣಿಸುವುದು ಕ್ರೂರವೂ ಆಗಬಹುದು. 1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್ ಕಂಪನಿ ತನ್ನ ಎಂಡಿ-11 ವಿಮಾನಕ್ಕೆ 410 ಸೀಟಿನ ಅನುಮತಿ ಪಡೆಯಲು ಪರೀಕ್ಷೆ ನಡೆಸಿತು. ಸಮಯ ಮೀರಿತು. ಹತ್ತಾರು ಜನರಿಗೆ ಪೆಟ್ಟಾಯಿತು. ಅರವತ್ತು ವರ್ಷದ ಒಬ್ಬ ಮಹಿಳೆ ಬೆನ್ನುಹುರಿಗೆ ಏಟಾಗಿ ಶಾಶ್ವತವಾಗಿ ಪಾರ್ಶ್ವವಾಯುವಿಗೆ ತುತ್ತಾದರು. ಇನ್ನೊಬ್ಬರ ಪ್ರಾಣ ಉಳಿಸುವ ಸಂಖ್ಯೆಯನ್ನು ಕಂಡುಹಿಡಿಯಲು ಹೋಗಿ ಅವರು ತಮ್ಮ ನಡಿಗೆಯನ್ನೇ ಕಳೆದುಕೊಂಡರು. ಆಮೇಲೆ, ಹಳೆಯ ಪರೀಕ್ಷೆಗಳ ಅಂಕಿಅಂಶ ಸಾಕಷ್ಟಿದ್ದರೆ ಹೊಸದಾಗಿ ಜನರನ್ನು ಇಳಿಸದೆ ವಿಶ್ಲೇಷಣೆಯಿಂದಲೇ ಮಿತಿ ತೀರ್ಮಾನಿಸುವ ದಾರಿ ಹೆಚ್ಚು ಬಳಕೆಗೆ ಬಂತು.

ಆದರೆ ಎ380 ಮಾದರಿಯ ವಿಮಾನ ಹಿಂದೆಂದೂ ಇರಲಿಲ್ಲ. ಪೂರ್ತಿ ಎರಡು ಅಂತಸ್ತು, ಮೇಲಿನ ಬಾಗಿಲು ನೆಲದಿಂದ ಸುಮಾರು ಎಂಟು ಮೀಟರ್ ಎತ್ತರ. ಸಟರ್ ಅವರ ತಂಡ ಹಿಂಜರಿದಿದ್ದ ಎತ್ತರವೇ ಇದು. ಕೆಳಗೆ ಐದು, ಮೇಲೆ ಮೂರು, ಒಟ್ಟು ಎಂಟು ಜೋಡಿ ಬಾಗಿಲು. ಪಟ್ಟಿಯ ಲೆಕ್ಕಕ್ಕೆ 880 ಬರುತ್ತದೆ. ಜನರನ್ನು ಕೂರಿಸಿಯೇ ನೋಡಬೇಕಾಯಿತು.

2006ರ ಮಾರ್ಚ್ 26, ಜರ್ಮನಿಯ ಹ್ಯಾಂಬರ್ಗ್. ಕತ್ತಲು ಮಾಡಿದ ಹ್ಯಾಂಗರ್. ಕೆಳಗೆ 538, ಮೇಲೆ 315, ಒಟ್ಟು 853 ಸ್ವಯಂಸೇವಕರು, ಜೊತೆಗೆ 20 ಸಿಬ್ಬಂದಿ. ನಿಯಮ ಕಟ್ಟುನಿಟ್ಟಿನದು. ಬಾಗಿಲುಗಳಲ್ಲಿ ಅರ್ಧ ಮಾತ್ರ ತೆರೆಯಬೇಕು, ಯಾವ ಅರ್ಧ ಎಂಬುದು ಸಿಬ್ಬಂದಿಗೂ ಗೊತ್ತಿರಬಾರದು. ಕನಿಷ್ಠ ಶೇ 40 ಮಹಿಳೆಯರು, ಶೇ 35 ಐವತ್ತು ದಾಟಿದವರು ಇರಬೇಕು. ಹಸುಗೂಸುಗಳ ಬದಲಿಗೆ ಗೊಂಬೆಗಳನ್ನು ಎತ್ತಿಕೊಂಡವರೂ ಇರಬೇಕು. ಓಣಿಯಲ್ಲಿ ಚೀಲ, ಕಂಬಳಿ, ದಿಂಬು ಚೆಲ್ಲಿರಬೇಕು. ಸೂಚನೆ ಬಂತು, ಎಂಟು ಬಾಗಿಲು ತೆರೆದವು. 873 ಜನರೂ ನೆಲ ಮುಟ್ಟಿದಾಗ ಆಗಿದ್ದುದು 78 ಸೆಕೆಂಡು. ಒಬ್ಬರ ಕಾಲು ಮುರಿಯಿತು, 32 ಜನರಿಗೆ ಸಣ್ಣಪುಟ್ಟ ಗಾಯ. 853 ಎಂಬ ಸಂಖ್ಯೆ ಹುಟ್ಟಿದ್ದು ಹಾಗೆ. ಯಾರೋ ಕಾಗದದ ಮೇಲೆ ಗೀಚಿದ ಅಂಕಿಯಲ್ಲ ಅದು, ಅಷ್ಟೂ ಜನ ಜಾರಿ ತೋರಿಸಿದ್ದು.

ಮಿತಿ ಬೇರೆ, ವಾಸ್ತವ ಬೇರೆ

ಬಾಗಿಲು ಹೇಳುವುದು ಇದಕ್ಕಿಂತ ಹೆಚ್ಚಿಗೆ ಬೇಡ ಎಂಬುದನ್ನಷ್ಟೇ. ನಿಜಕ್ಕೂ ಎಷ್ಟು ಸೀಟು ಹಾಕುತ್ತಾರೆ ಎಂಬುದನ್ನು ದೂರ ಮತ್ತು ತೂಕ ತೀರ್ಮಾನಿಸುತ್ತವೆ. ಎ350-900ರ ಬಾಗಿಲ ಮಿತಿ 440. ಫ್ರಾನ್ಸಿನ ಅಗ್ಗದ ಏರ್‌ಲೈನ್ 'ಫ್ರೆಂಚ್ ಬೀ' ಅದರಲ್ಲಿ 411 ಸೀಟು ಹಾಕಿತು. ಸಿಂಗಪುರದಿಂದ ಅಮೆರಿಕದ ನ್ಯೂವರ್ಕ್‌ಗೆ 15,000 ಕಿಲೋಮೀಟರಿಗೂ ಹೆಚ್ಚು ದೂರ ಎಲ್ಲೂ ಇಳಿಯದೆ ಹಾರಲು 2018ರಲ್ಲಿ ಬಂದ ಅದೇ ವಿಮಾನದ ವಿಶೇಷ ರೂಪದಲ್ಲಿ ಇದ್ದದ್ದು 161 ಸೀಟು. ಒಬ್ಬ ಪ್ರಯಾಣಿಕ ಮತ್ತು ಅವರ ಸಾಮಾನಿಗೆ ಅಂದಾಜು 100 ಕಿಲೋ ಹಿಡಿದರೂ, 440ರಿಂದ 161ಕ್ಕೆ ಇಳಿದಾಗ ಉಳಿದದ್ದು ಸುಮಾರು 28 ಟನ್ ಭಾರ.

ತೂಕವನ್ನು ಹಗುರವಾಗಿ ಎಣಿಸಿದರೆ ಏನಾಗುತ್ತದೆ ಎಂಬುದನ್ನು 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ತೋರಿಸಿತು. 19 ಸೀಟಿನ ಬೀಚ್‌ಕ್ರಾಫ್ಟ್ 1900 ವಿಮಾನ ಏರಿದ ಕೂಡಲೇ ಬಿದ್ದು 21 ಜನ ಸತ್ತರು. ಬಾಲದ ನಿಯಂತ್ರಣವನ್ನು ತಪ್ಪಾಗಿ ಹೊಂದಿಸಿದ್ದರ ಜೊತೆಗೆ, ಪ್ರಯಾಣಿಕರ ಸರಾಸರಿ ತೂಕವನ್ನು ವಾಸ್ತವಕ್ಕಿಂತ ಕಡಿಮೆ ಹಿಡಿದದ್ದೂ ಕಾರಣವಾಗಿತ್ತು. ಆಮೇಲೆ ಆ ಸರಾಸರಿಯನ್ನು ಏರಿಸಿದರು.

ಸಿಬ್ಬಂದಿಯ ಲೆಕ್ಕವೂ ಸೇರುತ್ತದೆ. ಅಮೆರಿಕದಲ್ಲೂ ಭಾರತದಲ್ಲೂ 50 ಸೀಟಿಗೆ ಒಬ್ಬ ಕ್ಯಾಬಿನ್ ಸಿಬ್ಬಂದಿ ಬೇಕು. ಬೆಂಗಳೂರಿನಿಂದ ಚಿಕ್ಕ ಊರುಗಳಿಗೆ ಹಾರುವ 78 ಸೀಟಿನ ಎಟಿಆರ್-72ರಲ್ಲಿ ಇಬ್ಬರಿರುವುದು ಅದಕ್ಕೇ. ಅಮೆರಿಕದ ನಿಯಮದಂತೆ 19 ಸೀಟಿನವರೆಗೆ ಒಬ್ಬರೂ ಬೇಕಿಲ್ಲ. ಜಗತ್ತಿನ ಅನೇಕ ಪುಟ್ಟ ವಿಮಾನಗಳು 19ಕ್ಕೇ ನಿಲ್ಲುತ್ತವೆ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ 'ಸರಸ್' 2004ರಲ್ಲಿ 14 ಸೀಟಿನ ವಿಮಾನವಾಗಿ ಮೊದಲು ಹಾರಿತು. ಅದರ ಮುಂದಿನ ರೂಪವನ್ನು ಯೋಜಿಸಿದ್ದು 19 ಸೀಟಿಗೆ.

ಮಾದರಿ ವಿಮಾನ ಕಟ್ಟುವವರಿಗೆ, ಕಾಲ್ಪನಿಕ ಏರ್‌ಲೈನ್ ಬರೆದು ಆಡುವ ಮಕ್ಕಳಿಗೆ ನಾನು ಕೊಡುವ ಲೆಕ್ಕದ ದಾರಿ ಇದು. ಮೊದಲು ಒಂದು ಪಕ್ಕದ ಬಾಗಿಲು ಎಣಿಸಿ, ಸ್ಕೇಲಿನಲ್ಲಿ ಅಗಲ ಅಳೆಯಿರಿ. 1:144 ಅಳತೆಯ ಮಾದರಿಯಲ್ಲಿ 42 ಅಂಗುಲದ ದೊಡ್ಡ ಬಾಗಿಲು 7.4 ಮಿಲಿಮೀಟರ್ ಇರುತ್ತದೆ, 1:200ರಲ್ಲಿ 5.3. ಪಟ್ಟಿಯಂತೆ ಕೂಡಿಸಿದರೆ ಹೆಚ್ಚುಕಡಿಮೆ ಮೇಲಿನ ಮಿತಿ ಸಿಕ್ಕಿತು. ಆಮೇಲೆ ಕ್ಯಾಬಿನ್ನಿನ ಉದ್ದದಿಂದ ಬಾಗಿಲು, ಅಡುಗೆ, ಶೌಚಾಲಯದ ಜಾಗ ಕಳೆದು, ಉಳಿದದ್ದನ್ನು ಪಿಚ್‌ನಿಂದ ಭಾಗಿಸಿ, ಸಾಲಿನ ಸೀಟುಗಳಿಂದ ಗುಣಿಸಿ. ಎರಡರಲ್ಲಿ ಚಿಕ್ಕದನ್ನು ಹಿಡಿಯಿರಿ. ದೂರದ ಪ್ರಯಾಣವಾದರೆ, ಮಲಗುವ ಸೀಟುಗಳಿದ್ದರೆ ಇನ್ನೂ ಇಳಿಸಿ. ಎ380ರಲ್ಲಿ 853ಕ್ಕೆ ಎದುರಾಗಿ 471 ಎಂದರೆ ಶೇ 55, 615 ಎಂದರೆ ಶೇ 72. 2022ರ ಅಕ್ಟೋಬರ್‌ನಿಂದ ಆ ದೈತ್ಯ ವಿಮಾನ ದುಬೈನಿಂದ ಬೆಂಗಳೂರಿಗೂ ಬರತೊಡಗಿತು. 853 ಜನರನ್ನು ಹೊತ್ತು ಹಾರುವಂತೆ ಅದನ್ನು ಯಾವ ಏರ್‌ಲೈನ್ ಕೂಡ ಸಜ್ಜು ಮಾಡಲಿಲ್ಲ.

ಬಾಗಿಲಿನ ಈ ಲೆಕ್ಕ ನಿಜವಾದ ಬೆಂಕಿಯಲ್ಲೂ ಪರೀಕ್ಷೆಗೆ ಬಿತ್ತು. 2024ರ ಜನವರಿ 2ರಂದು ಟೋಕಿಯೊದ ಹನೇಡ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350, ರನ್‌ವೇಯಲ್ಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ದೊಡ್ಡ ವಿಮಾನದಲ್ಲಿದ್ದವರು 379. ಎಂಟು ಬಾಗಿಲುಗಳಲ್ಲಿ ಬಳಸಲು ಸಿಕ್ಕಿದ್ದು ಮೂರೇ. ಧ್ವನಿವರ್ಧಕ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿ ದಾರಿ ತೋರಿಸಿದರು. ಅಷ್ಟೂ 379 ಜನ ಬದುಕಿ ಹೊರಬಂದರು. ಡೆನ್ವರ್‌ನಿಂದ ಹ್ಯಾಂಬರ್ಗ್‌ವರೆಗೆ ಕಲಿತ ಪಾಠವೆಲ್ಲ ಆ ಹೊತ್ತಿಗೆ ಕೆಲಸಕ್ಕೆ ಬಂತು.

ಮುಂದಿನ ಸಲ ವಿಮಾನ ಹತ್ತಿದಾಗ ಬೆಲ್ಟು ಕಟ್ಟಿಕೊಂಡ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಸೀಟಿನಿಂದ ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಎಂದು, ಮುಂದಕ್ಕೂ ಹಿಂದಕ್ಕೂ ಎಣಿಸಿಕೊಳ್ಳಿ. ಹೊಗೆ ತುಂಬಿದಾಗ ಕಣ್ಣು ಕಾಣದು, ಕೈಗೆ ತಾಗುವ ಸೀಟಿನ ಬೆನ್ನುಗಳೇ ದಾರಿ ಹೇಳಬೇಕು. ಇಳಿಯಿರಿ ಎಂದು ಸಿಬ್ಬಂದಿ ಕೂಗಿದರೆ ಚೀಲ ಅಲ್ಲೇ ಬಿಡಿ. ನಿಮ್ಮ ಹಿಂದಿನವರ ಪಾಲಿಗೆ ಇರುವುದು ಒಂದೂವರೆ ಸೆಕೆಂಡು ಮಾತ್ರ.